ನಾನು ಫೇಲಾದ ವರ್ಷದ ಪಾಯಸ

ನಾನು ಎಸ್.ಎಸ್.ಎಲ್.ಸಿ.ಯಲ್ಲಿ ಫೇಲಾದ ದಿನ ನಮ್ಮ ಮನೆಗೆ ಬಂದಷ್ಟು ಸಿಹಿತಿಂಡಿ ಆಮೇಲೆ ನಾನು ಪಾಸಾದಾಗ ಬರಲಿಲ್ಲ, ಕೆಲಸ ಸಿಕ್ಕಾಗ ಬರಲಿಲ್ಲ, ಮದುವೆಯಾದಾಗಲೂ ಬರಲಿಲ್ಲ. ಈ ಮಾತು ಹೇಳಿದಾಗಲೆಲ್ಲ ನನ್ನ ಹೆಂಡತಿ, "ಹಾಗಿದ್ರೆ ಇನ್ನೊಂದು ಸಲ ಫೇಲಾಗಿ ನೋಡ್ಬೇಕಿತ್ತು" ಅನ್ನುತ್ತಾಳೆ. ನೋಡಿದ್ದೇನೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆಗೆ ಕೂತು ಮತ್ತೆ ಫೇಲಾದೆ. ಆದರೆ ಅಷ್ಟು ಹೊತ್ತಿಗೆ ಬೀದಿಯವರ ಉತ್ಸಾಹ ಇಳಿದಿತ್ತು. ಎರಡೇ ಮನೆಗಳಿಂದ ಬಂತು, ಅದರಲ್ಲೂ ಒಂದು ಉಪ್ಪಿಟ್ಟು.

ಐವತ್ತರ ದಶಕದ ನಡುವಿನ ಮಾತು ಇದು. ರಾಜಾಜಿನಗರದ ನಮ್ಮ ಬೀದಿಗೆ ಆಗ ನಂಬರು ಬಂದಿತ್ತು, ದೀಪ ಬಂದಿರಲಿಲ್ಲ. ಅರ್ಧ ಮನೆಗಳು ಕಟ್ಟಿ ಮುಗಿದಿದ್ದವು, ಇನ್ನರ್ಧಕ್ಕೆ ಬರೀ ಪಾಯ. ಬೀದಿಯಲ್ಲಿ ಒಬ್ಬರ ಊರನ್ನು ಇನ್ನೊಬ್ಬರು ಕಂಡಿರಲಿಲ್ಲ. ದಾವಣಗೆರೆಯಿಂದ ಬಂದ ಬಟ್ಟೆ ವ್ಯಾಪಾರಿಯ ಸಂಸಾರ ನಮ್ಮ ಪಕ್ಕಕ್ಕೆ, ಬಡಾವಣೆಗೆ ಹೊಲ ಬಿಟ್ಟುಕೊಟ್ಟ ಹಳೇ ಹಳ್ಳಿಯ ಗೌಡರು ನಮ್ಮೆದುರಿಗೆ, ಆಚೆಗೆ ರಿಟೈರಾದ ಅಮಲ್ದಾರರು. ಬೀದಿಯ ನಲ್ಲಿಯ ಹತ್ತಿರ ಎಲ್ಲರ ಕೊಡಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದವು, ಅಷ್ಟರಮಟ್ಟಿಗೆ ಪರಿಚಯ.

ಹಿಂದಿನ ವರ್ಷ ರಿಸಲ್ಟ್ ಬಂದ ದಿನ ಮೂಲೆಮನೆಯ ಹುಡುಗ ಪೇಪರು ನೋಡಿ, ಮಡಿಸಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಜೀವಂತವಾಗಿ ವಾಪಸು ಬರಲಿಲ್ಲ. ನನಗಿಂತ ಒಂದು ಕ್ಲಾಸು ಮುಂದಿದ್ದ. ಬುಗುರಿ ಆಡುವುದರಲ್ಲಿ ಅವನನ್ನು ಮೀರಿಸುವವರು ನಮ್ಮ ಕಡೆ ಇರಲಿಲ್ಲ. ಅವನ ವಿಷಯಕ್ಕೆ ತಮಾಷೆ ಮಾಡಲು ನನಗೆ ಈ ವಯಸ್ಸಿನಲ್ಲೂ ಬರುವುದಿಲ್ಲ. ಇಲ್ಲಿ ನಗುವುದೇನಿದ್ದರೂ ನನ್ನನ್ನು ನೋಡಿ ನಗಬೇಕು.

ಅವನ ತಾಯಿ ಗಂಡನನ್ನು ಮೊದಲೇ ಕಳೆದುಕೊಂಡಿದ್ದರು. ಈಗ ಮೂಲೆಮನೆಯಲ್ಲಿ ಒಬ್ಬರೇ ಉಳಿದರು. ಬೀದಿಯ ಹುಡುಗರೆಲ್ಲ ಅವರನ್ನು ದೊಡ್ಡಮ್ಮ ಅನ್ನುತ್ತಿದ್ದೆವು. ಒಂದು ವರ್ಷ ಅವರು ಯಾರ ಮನೆಯ ಹೊಸಿಲೂ ತುಳಿಯಲಿಲ್ಲ. ನಲ್ಲಿಗೆ ಎಲ್ಲರೂ ಹೋದಮೇಲೆ ಬಂದು ನೀರು ಹಿಡಿದುಕೊಂಡು ಹೋಗುತ್ತಿದ್ದರು.

ನನ್ನ ರಿಸಲ್ಟಿನ ಕಾಲ ಹತ್ತಿರ ಬಂದಂತೆ ಬೀದಿಯ ಗಂಡಸರಿಗೆ ಭಯ ಹತ್ತಿತು. ಅಮಲ್ದಾರರ ಜಗಲಿಯ ಮೇಲೆ ಸಭೆ ಸೇರಿತು. ಈ ವರ್ಷ ನಮ್ಮ ಬೀದಿಯಲ್ಲಿ ಅಂಥದ್ದು ಆಗಕೂಡದು, ಏನು ಮಾಡೋಣ ಎಂಬುದು ವಿಷಯ. ಪರೀಕ್ಷೆಗೆ ಕೂತ ಹುಡುಗರಾದ ನಮಗೆ ಅಲ್ಲಿ ಪ್ರವೇಶವಿರಲಿಲ್ಲ. ಕಾಂಪೌಂಡಿನ ಆಚೆ ಕೂತು ಕೇಳಿಸಿಕೊಳ್ಳಲು ಮಾತ್ರ ಯಾವ ಅಡ್ಡಿಯೂ ಇರಲಿಲ್ಲ.

"ಹುಡುಗರಿಗೆ ಬೇಕಾದ್ದು ಧೈರ್ಯ," ಅಂದರು ಅಮಲ್ದಾರರು. "ಅದಕ್ಕೆ ನಾನೊಂದು ಉಪನ್ಯಾಸ ಕೊಡ್ತೀನಿ."

"ಉಪನ್ಯಾಸ ಕೇಳಿದ್ರೆ ಪಾಸಾದೋರೂ ಸುಸ್ತಾಗೋಯ್ತಾರೆ ಸ್ವಾಮಿ," ಅಂದರು ಗೌಡರು. "ಫೇಲಾದ ಹುಡ್ಗನ್ನ ಒಬ್ಬನ್ನೇ ಬಿಡ್ಬಾರ್ದು. ಅಷ್ಟೇಯ."

ಸಭೆ ಇಬ್ಬರ ಮಾತನ್ನೂ ಒಪ್ಪಿತು. ಫೇಲಾದವರಿಗೆ ಉಪನ್ಯಾಸವೂ ಉಂಟು, ಕಾವಲೂ ಉಂಟು ಎಂದು ತೀರ್ಮಾನವಾಯಿತು. ಎರಡೂ ನನ್ನ ಪಾಲಿಗೇ ಬರುತ್ತವೆಂದು ಗೊತ್ತಿಲ್ಲದೆ ನಾನು ಕಾಂಪೌಂಡಿನ ಆಚೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ.

ಹೆಂಗಸರು ಸಭೆ ಸೇರಲಿಲ್ಲ. ಆದರೆ ರಿಸಲ್ಟಿಗೆ ಮುಂಚೆ ಒಂದು ಮಧ್ಯಾಹ್ನ ದೊಡ್ಡಮ್ಮ ನಮ್ಮ ಮನೆಗೆ ಬಂದರು. ವರ್ಷದ ಮೇಲೆ ಬಂದವರು ಸೀದಾ ಅಡಿಗೆಮನೆಗೆ ಹೋಗಿ ಅಮ್ಮನ ಹತ್ತಿರ ಮೆಲ್ಲಗೆ ಏನೋ ಮಾತಾಡಿದರು. ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೊಡನೆ ಮಾತು ನಿಂತಿತು. ಯಾವುದೋ ಹುಡುಗಿಯ ಪ್ರಸ್ತಾಪವಿರಬೇಕೆಂದು ನನಗೆ ಒಂದು ಗಳಿಗೆ ಮೈ ಜುಂ ಅಂದಿತು. ಆಗಿನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ, ಆದರೂ ನನ್ನ ವಿಚಾರದಲ್ಲಿ ನನಗಿದ್ದ ಭರವಸೆ ಅಂಥದ್ದು. ದೊಡ್ಡಮ್ಮ ಅಲ್ಲಿಂದ ಪಕ್ಕದ ಮನೆಗೆ ಹೋದರು, ಆಮೇಲೆ ಎದುರುಮನೆಗೆ. ಅಮ್ಮ ಹೆಸರುಬೇಳೆ ಹುರಿದು ಡಬ್ಬಕ್ಕೆ ಹಾಕಿಟ್ಟಳು. ಯಾಕೆಂದು ಕೇಳಿದರೆ, "ಬೇರೆಯವ್ರ ಮನೆಗೆ ಬೇಕಾಗ್ಬೋದು, ನಿಂಗ್ಯಾಕೆ?" ಅಂದಳು.

ರಿಸಲ್ಟ್ ಬಂತು. ಬೀದಿಯಲ್ಲಿ ಪೇಪರು ತರಿಸುತ್ತಿದ್ದವರು ಅಮಲ್ದಾರರು. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು, ಹಿಂದೆ ಕಂದಾಯದ ಬಾಕಿದಾರರ ಹೆಸರು ಕೂಗುತ್ತಿದ್ದ ಗತ್ತಿನಲ್ಲೇ ಅವರು ಪಾಸಾದವರ ನಂಬರು ಓದಿದರು. ನನ್ನ ನಂಬರಿನ ಹಿಂದಿನದನ್ನು ಓದಿದರು. ಮುಂದಿನದನ್ನು ಓದಿದರು. ಓದುವುದು ನಿಲ್ಲಿಸಿ ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. ಕನ್ನಡಕದ ತಪ್ಪೇನಿರಲಿಲ್ಲ. ಲೆಕ್ಕದ ವಿಷಯದಲ್ಲಿ ನನಗೂ ಪರೀಕ್ಷೆ ಮಾಡಿದವರಿಗೂ ಅಭಿಪ್ರಾಯಭೇದವಿತ್ತು, ಅಷ್ಟೇ.

ಆ ವರ್ಷ ನಮ್ಮ ಬೀದಿಯಲ್ಲಿ ಫೇಲಾದವನು ನಾನೊಬ್ಬನೇ. ಹೀಗಾಗಿ ಗಂಡಸರ ಸಭೆಯ ಅಷ್ಟೂ ಏರ್ಪಾಡು ಒಬ್ಬನ ಮೇಲೆ ಬಿತ್ತು.

ಮನೆಗೆ ಬಂದೆ. ಅಪ್ಪ ಆಫೀಸಿಗೆ ಹೊರಟು ನಿಂತಿದ್ದರು. ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡರು. ತಟ್ಟೆಗೆ ಬಡಿಸಿದ್ದ ಊಟ ಹಾಗೇ ಬಿಟ್ಟು, ಕೊಡೆ ತೆಗೆದುಕೊಂಡು ಹೊರಟುಹೋದರು. ಬೈದಿದ್ದರೆ ನಾನೂ ಒಳಗೊಳಗೇ ಬೈದುಕೊಂಡು ಸರಿಹೋಗುತ್ತಿದ್ದೆ. ಆ ತಟ್ಟೆಯಲ್ಲಿ ಕಲಸದೆ ಬಿಟ್ಟ ಅನ್ನ ನೋಡಿ, ಈ ಮನೆಯಲ್ಲಿ ನಾನೊಬ್ಬ ಇಲ್ಲದಿದ್ದರೆ ಎಲ್ಲರೂ ನೆಮ್ಮದಿಯಾಗಿ ಊಟ ಮಾಡಬಹುದಿತ್ತು ಅನ್ನಿಸಿತು. ನಾನು ನಾಟಕದ ಸ್ವಭಾವದವನು, ಸಣ್ಣದಕ್ಕೂ ದೊಡ್ಡ ನಿಟ್ಟುಸಿರು ಬಿಡುವವನು, ಅದು ನನಗೆ ಗೊತ್ತು. ಆದರೆ ಆವತ್ತಿನದು ನಾಟಕವಾಗಿರಲಿಲ್ಲ. ಬದುಕುವುದು ಬೇಡ ಅನ್ನಿಸಿತ್ತು. ಮೂಲೆಮನೆಯ ಹುಡುಗ ನೆನಪಾದ. ಚಪ್ಪಲಿ ಮೆಟ್ಟಿಕೊಂಡು ಹೊಸಿಲು ದಾಟಿದೆ.

ಜಗಲಿಯ ಮೇಲೆ ಅಮಲ್ದಾರರು ಕೂತಿದ್ದರು. ನಮ್ಮ ಜಗಲಿ, ಅವರ ಕುರ್ಚಿ.

"ಎಲ್ಲಿಗಪ್ಪ ಸವಾರಿ?"

"ಎಲ್ಲಿಗೂ ಇಲ್ಲ ಸಾರ್."

"ಹಾಗಾದ್ರೆ ಕೂತ್ಕೋ."

ಉಪನ್ಯಾಸ ಶುರುವಾಯಿತು. ಅವರು ತಮ್ಮ ಬಾಲ್ಯದಿಂದ ಆರಂಭಿಸಿದರು. ಪ್ರೊಬೇಷನರ್ ಆಗಿದ್ದ ಕಾಲಕ್ಕೆ ಬರುವಷ್ಟರಲ್ಲಿ ನನಗೆ ತೂಕಡಿಕೆ ಬಂತು, ಅವರಿಗೂ ಬಂತು. ಅವರ ತಲೆ ಎದೆಗೆ ಬಗ್ಗಿದ್ದನ್ನು ನೋಡಿ ಮೆಲ್ಲಗೆ ಎದ್ದೆ. ಗೇಟಿನ ಹತ್ತಿರ ಗೌಡರು ಬೇಲಿಗೆ ಒರಗಿ ನಿಂತಿದ್ದರು. ಎದುರುಮನೆಯಲ್ಲಿ ಅವರಿಗೆ ಬೇಕಾದಷ್ಟು ಬೇಲಿ ಇತ್ತು, ಆದರೆ ಅಂದು ನಮ್ಮ ಬೇಲಿಯೇ ಬೇಕಾಗಿತ್ತು. ನಾನು ತಿರುಗಿ ಹಿತ್ತಲಿನ ಕಕ್ಕಸಿಗೆ ಹೋದೆ. ಸ್ವಲ್ಪ ಹೊತ್ತಿಗೆ ಹೊರಗೆ ಕೆಮ್ಮಿದ ಸದ್ದಾಯಿತು.

"ಇದೀಯೇನ್ಲಾ ಮಗಾ?"

"ಇದೀನಿ ಗೌಡ್ರೇ."

ಇನ್ನೊಂದು ಕೆಮ್ಮು. "ಇನ್ನೂ ಇದೀಯಾ?"

ಜಗತ್ತಿನಲ್ಲಿ ಇರಬೇಕೋ ಬೇಡವೋ ಎಂಬ ಪ್ರಶ್ನೆಗೆ ನಾನು ಉತ್ತರ ಕೊಟ್ಟದ್ದು ಕಕ್ಕಸಿನ ತಗಡಿನ ಬಾಗಿಲಿನ ಒಳಗಿನಿಂದ. ಪ್ರತಿ ಸಲವೂ "ಇದೀನಿ" ಅಂದೆ.

ಹೊರಗೆ ಬಂದಾಗ ಪಕ್ಕದ ಮನೆಯ ದಾವಣಗೆರೆಯ ಅಕ್ಕ ಹಿತ್ತಲ ಬಾಗಿಲಲ್ಲಿ ಹಿತ್ತಾಳೆ ಡಬರಿ ಹಿಡಿದು ನಿಂತಿದ್ದರು. ಡಬರಿಯಲ್ಲಿ ಹೋಳಿಗೆ, ಮೇಲೆ ತುಪ್ಪ.

"ಯಾಕೋ ತಮ್ಮಾ, ಮುಖ ಹಿಂಗ್ಯಾಕೆ ಮಾಡ್ಕಂಡೀಯ? ತಗಾ, ಬಿಸಿ ಐತಿ."

"ಯಾವ ಹಬ್ಬ ಅಕ್ಕ?"

"ಹಬ್ಬ ಏನಿಲ್ಲ. ನೀನು ಫೇಲಾದೆಲ್ಲ, ಅದಕ್ಕೇ ಮಾಡೀನಿ," ಅಂದುಬಿಟ್ಟರು. ಆಮೇಲೆ ಆಡಿದ ಮಾತು ತಮಗೇ ಕೇಳಿಸಿದಂತಾಗಿ ಬಾಯಿ ಮೇಲೆ ಸೆರಗು ಮುಚ್ಚಿಕೊಂಡರು.

ಅವರು ಅತ್ತ ಹೋದರು, ಇತ್ತ ಮುಂಬಾಗಿಲಿಗೆ ಗೌಡರ ಮನೆಯಿಂದ ಕಜ್ಜಾಯ ಬಂತು. ಅಮಲ್ದಾರರ ಮನೆಯಿಂದ ಕೇಸರಿಬಾತು, ಆಚೆ ಮನೆಯ ಮಿಲ್ ಮೇಸ್ತ್ರಿಯ ಹೆಂಡತಿಯಿಂದ ಸಕ್ಕರೆ ಪೊಂಗಲ್. ಸಾಯಂಕಾಲದವರೆಗೆ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಒಬ್ಬರಾದಮೇಲೆ ಒಬ್ಬರು ಪಾತ್ರೆ ಹಿಡಿದು ಬಂದರು. ನಾನು ಫೇಲಾದದ್ದು ಗೊತ್ತಿಲ್ಲದವರು ಯಾರಾದರೂ ಇದ್ದರೆ, ನಮ್ಮ ಬಾಗಿಲ ಮುಂದಿನ ಆ ಜಾತ್ರೆ ನೋಡಿ ತಿಳಿದುಕೊಂಡಿರಬೇಕು. ಬೀದಿಯಲ್ಲಿ ಹೋಗುತ್ತಿದ್ದ ಸೊಪ್ಪಿನವಳು ನಿಂತು, "ಮಗೀಗೆ ಹೆಣ್ಣು ನೋಡಿದ್ರಾ?" ಅಂತ ಕೇಳಿದಳು. "ಇಲ್ಲ, ಫೇಲಾಗವ್ನೆ," ಅಂದರು ಬೇಲಿಯಿಂದ ಗೌಡರು.

ಮನಸ್ಸು ಸರಿಯಿಲ್ಲದವನು ಏಕಾಂತ ಬಯಸುತ್ತಾನೆ. ನನಗೆ ಸಿಕ್ಕಿದ್ದು ಅಜೀರ್ಣ. ಬಂದವರೆಲ್ಲ ನನ್ನ ಎದುರಿಗೆ ಕೂತು, ನಾನು ಒಂದು ತುತ್ತು ಬಾಯಿಗಿಟ್ಟಮೇಲೇ ಏಳುತ್ತಿದ್ದರು.

ಅಡಿಗೆಮನೆಯಲ್ಲಿ ಅಮ್ಮ ಕುದಿಯುತ್ತಿದ್ದಳು. ದೊಡ್ಡಮ್ಮ ಮನೆಮನೆಗೆ ಹೋಗಿ ಹೇಳಿದ್ದು ಇದನ್ನೇ ಎಂದು ಆಗ ಹೊರಬಿತ್ತು. ಯಾರ ಮನೆಯ ಮಗು ಫೇಲಾಗುತ್ತದೋ ಆ ಮನೆಗೆ ಅವತ್ತು ಎಲ್ಲರೂ ಸಿಹಿ ಮಾಡಿಕೊಂಡು ಹೋಗಬೇಕು, ಹೋದವರು ಒಂದು ಗಳಿಗೆ ಮಗುವಿನ ಹತ್ತಿರ ಕೂತು ಬರಬೇಕು. ಅಮ್ಮ ಬಾಯ್ತುಂಬ ಒಪ್ಪಿದ್ದಳು. ಹೆಸರುಬೇಳೆ ಹುರಿದಿಟ್ಟಿದ್ದೂ ಅದಕ್ಕೇ. ತನ್ನ ಮನೆಗೇ ಬರುತ್ತದೆ ಎಂದು ಅವಳ ಕನಸಿನಲ್ಲೂ ಇರಲಿಲ್ಲ.

"ಎಲ್ಲಾರೂ ಪಾತ್ರೆ ತಂದು ತಂದು ಇಡ್ತಿದಾರಲ್ಲ, ಇದೇನು ಸೂತಕದ ಮನೆಯಾ?" ಎಂದು ಗೊಣಗಿದಳು. ಹಾಗೆ ಅಂದವಳು ತಟ್ಟನೆ ನನ್ನನ್ನು ನೋಡಿದಳು. ಹತ್ತಿರ ಬಂದು, ಎಂದೂ ಇಲ್ಲದವಳು, ಒದ್ದೆ ಕೈಯಲ್ಲೇ ನನ್ನ ತಲೆ ಸವರಿದಳು. ಆಮೇಲೆ ಗೊಣಗಲಿಲ್ಲ.

ಎಲ್ಲರಾದಮೇಲೆ ದೀಪ ಹಚ್ಚುವ ಹೊತ್ತಿಗೆ ದೊಡ್ಡಮ್ಮ ಬಂದರು. ಒಂದು ಹಿತ್ತಾಳೆ ಬಟ್ಟಲಿನಲ್ಲಿ ರವೆಉಂಡೆ ತಂದಿದ್ದರು. ಉಪದೇಶ ಮಾಡಲಿಲ್ಲ. ನನ್ನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಿದ್ದು ಎದ್ದುಹೋದರು. ಬಟ್ಟಲಿನ ಕಂಠದಲ್ಲಿ ಅವರ ಮಗನ ಹೆಸರು ಕೊರೆಸಿತ್ತು, ನಾಮಕರಣಕ್ಕೆ ಬಂದ ಬಟ್ಟಲಿರಬೇಕು.

ಅಪ್ಪ ಆಫೀಸಿನಿಂದ ಬಂದವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಪಾತ್ರೆಗಳ ಸಾಲು ನೋಡಿದರು. ಬೆಳಗಿನಿಂದ ಹಸಿದಿದ್ದರು ಪಾಪ. ಕೂತು ಒಂದೊಂದಾಗಿ ಎಲ್ಲದರ ರುಚಿ ನೋಡಿ, ಕೊನೆಗೆ ನನ್ನ ಕಡೆ ತಿರುಗಿ ಅಂದ ಮೊದಲ ಮಾತು, "ಈ ಕೇಸರಿಬಾತು ಯಾರ ಮನೇದೋ? ಚೆನ್ನಾಗಿದೆ." ನನ್ನ ಭವಿಷ್ಯದ ಬಗ್ಗೆ ಆ ದಿನ ಅವರಾಡಿದ್ದು ಅಷ್ಟೇ.

ಮಾರನೆಯ ದಿನ ಅಮ್ಮ ಪಾತ್ರೆಗಳನ್ನೆಲ್ಲ ಹುಣಿಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿ ಸಾಲಾಗಿ ಬೋರಲು ಹಾಕಿದಳು. ಈಗ ಅವಳ ಮುಂದೆ ನನ್ನ ಫೇಲಿಗಿಂತ ದೊಡ್ಡ ಕಷ್ಟ ಬಂದಿತ್ತು. ಬಂದ ಪಾತ್ರೆಯನ್ನು ಖಾಲಿ ವಾಪಸು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಅಷ್ಟು ಪಾತ್ರೆಗೆ ಎಲ್ಲಿಂದ ತರುವುದು? ಹಿತ್ತಲಿನ ಕರಿಬೇವು ಬೋಳಾಯಿತು, ನಿಂಬೆಗಿಡ ಬರಿದಾಯಿತು, ಉಪ್ಪಿನಕಾಯಿಯ ಜಾಡಿ ತಳ ಕಂಡಿತು. ಒಂದು ಪಾತ್ರೆಗೆ ನಾಲ್ಕು ಕನಕಾಂಬರ ಹಾಕಿದಳು.

"ನೀನೇ ಕೊಟ್ಟು ಬಾ. ನಿನ್ನಿಂದ ಬಂದಿದ್ದು," ಅಂದಳು.

ಯಾರಿಗೂ ಮುಖ ತೋರಿಸಬಾರದು ಅಂದುಕೊಂಡಿದ್ದವನು ಬೀದಿಯಲ್ಲಿ ಒಂದು ಮನೆಯೂ ಬಿಡದಂತೆ ಮುಖ ತೋರಿಸಿಕೊಂಡು ಬರಬೇಕಾಯಿತು. ಹೋದ ಕಡೆಯೆಲ್ಲ ಕೂರಿಸಿ ಕೇಳಿದರು, ಯಾವುದರಲ್ಲಿ ಹೋಯಿತು, ಹೇಗೆ ಹೋಯಿತು. ಮೊದಲ ಮನೆಯಲ್ಲಿ "ಲೆಕ್ಕ" ಅಂದಷ್ಟೇ ಹೇಳಿ ಎದ್ದುಬಂದೆ. ಎರಡು ಮೂರು ಮನೆ ಕಳೆಯುವಷ್ಟರಲ್ಲಿ ಕತೆಗೆ ಒಂದು ಓಟ ಬಂತು. ತೊಟ್ಟಿಗೆ ಒಂದು ನಲ್ಲಿಯಿಂದ ನೀರು ತುಂಬುತ್ತದೆ, ಇನ್ನೊಂದರಿಂದ ಸೋರುತ್ತದೆ, ಎಷ್ಟು ಹೊತ್ತಿಗೆ ತುಂಬೀತು ಎಂಬ ಲೆಕ್ಕಕ್ಕೆ ನಾನು "ಮೊದಲು ಸೋರುವ ನಲ್ಲಿ ರಿಪೇರಿ ಮಾಡಿಸಬೇಕು" ಎಂದು ಬರೆದದ್ದನ್ನು ಹೇಳಿದಾಗ ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸರಿಯಾಗೇ ಬರ್ದಿದೀಯ ಕಣ್ಲಾ! ಇದಕ್ಯಾಕೆ ಫೇಲ್ ಮಾಡಿದ್ರು?" ಅಂದರು. ನಿಜ ಹೇಳಬೇಕೆಂದರೆ ಹಾಗೆ ಬರೆದಿರಲಿಲ್ಲ. ಆ ಲೆಕ್ಕಕ್ಕೆ ಏನೂ ಬರೆದಿರಲಿಲ್ಲ. ಆದರೆ ಜನ ನಗುತ್ತಿದ್ದಾಗ ಬಿಟ್ಟುಕೊಡುವ ಜಾಯಮಾನ ನನ್ನದಲ್ಲ.

ಮನೆಗೆ ಬಂದಾಗ ಉಳಿದಿದ್ದು ದೊಡ್ಡಮ್ಮನ ಬಟ್ಟಲು ಒಂದೇ. ಅದಕ್ಕೆ ಕರಿಬೇವು, ಕನಕಾಂಬರ ಹಾಕಲು ಅಮ್ಮನಿಗೆ ಮನಸ್ಸಾಗಿರಲಿಲ್ಲ. ಬೇರೆಯವರ ಮನೆಗೆಂದು ಹುರಿದಿಟ್ಟ ಹೆಸರುಬೇಳೆಯ ಡಬ್ಬ ಇಳಿಸಿ, ಬೆಲ್ಲ ಹಾಕಿ ಪಾಯಸ ಮಾಡಿದಳು. ಬಟ್ಟಲಿನ ಕಂಠದವರೆಗೆ, ಆ ಹೆಸರು ಮುಟ್ಟುವವರೆಗೆ ತುಂಬಿಸಿ, ಹಿಡಿಬಟ್ಟೆ ಸುತ್ತಿ ನನ್ನ ಕೈಗಿತ್ತಳು. "ಚೆಲ್ಬೇಡ," ಅಂದಳು.

ಅಷ್ಟು ಮನೆಗಳಲ್ಲಿ ನಗಿಸಿ ಬಂದಿದ್ದರೂ ಒಳಗಿನದು ಪೂರ್ತಿ ಹೋಗಿರಲಿಲ್ಲ. ನಗು ಮುಗಿದು ಬೀದಿಗಿಳಿದಾಗಲೆಲ್ಲ ಅಪ್ಪನ ಆ ತಟ್ಟೆ ಕಣ್ಣೆದುರು ಬರುತ್ತಿತ್ತು. ದೊಡ್ಡಮ್ಮನ ಮನೆ ಬೀದಿಯ ಕೊನೆಯದು. ಅಲ್ಲಿಂದಾಚೆ ರಾಗಿ ಹೊಲ, ಬಯಲು. ಕಾವಲಿನವರು ನಾನು ನಗಿಸಿದ್ದನ್ನು ನಂಬಿ ತಮ್ಮ ತಮ್ಮ ಮನೆಗೆ ಹೋಗಿದ್ದರು. ಆ ಮೂಲೆಯಲ್ಲಿ ನಿಂತೆ. ನೇರ ಹೋಗುವುದಕ್ಕೆ ಯಾರೂ ಅಡ್ಡ ಇರಲಿಲ್ಲ, ಒಂದು ಬಟ್ಟಲು ಪಾಯಸ ಬಿಟ್ಟರೆ. ಅದನ್ನು ನೆಲದ ಮೇಲೆ ಇಟ್ಟು ಹೋಗೋಣವೆಂದರೆ ಆ ಹೆಸರು ಕಾಣುತ್ತಿತ್ತು. ಹಿಡಿದುಕೊಂಡು ಹೋಗೋಣವೆಂದರೆ ಬಿಸಿ. ಬದುಕು ಬೇಡವೆಂದು ನಿಂತವನು ಬೆರಳು ಸುಡುತ್ತದೆಂದು ಕೈ ಬದಲಾಯಿಸುತ್ತಿದ್ದೆ, ಚೆಲ್ಲಿದರೆ ಅಮ್ಮ ಬೈಯುತ್ತಾಳೆಂದು ಹೆಜ್ಜೆ ನೋಡಿ ಇಡುತ್ತಿದ್ದೆ. ಕೈ ಖಾಲಿಯಿದ್ದಿದ್ದರೆ ಏನು ಮಾಡುತ್ತಿದ್ದೆನೋ, ಈಗಲೂ ಖಂಡಿತವಾಗಿ ಹೇಳಲಾರೆ. ಕಾಲಿನಿಂದ ದೊಡ್ಡಮ್ಮನ ಗೇಟು ತಳ್ಳಿದೆ.

"ಬಾ. ಬಿಸಿ ಇದೆಯಲ್ಲೋ, ಕೈ ಸುಟ್ಕೊಂಡ್ಯಾ?" ಎನ್ನುತ್ತ ಬಟ್ಟಲು ಇಸಿದುಕೊಂಡರು. ಪಾಯಸವನ್ನು ಎರಡು ಲೋಟಕ್ಕೆ ಬಗ್ಗಿಸಿ ಒಂದು ನನಗೆ ಕೊಟ್ಟು, ಒಂದು ತಾವು ಹಿಡಿದು ನನ್ನ ಎದುರು ಕೂತರು. "ನಿಮ್ಮಮ್ಮ ಏಲಕ್ಕಿ ಜಾಸ್ತಿ ಹಾಕಿದಾಳೆ," ಅಂದರು.

"ದೊಡ್ಡಮ್ಮಾ, ಎಲ್ಲಾರ ಮನೆಗೂ ಹೋಗಿ ನೀವೇ ಹೇಳಿದ್ರಂತೆ."

"ಹೂಂ." ಲೋಟ ಕೆಳಗಿಟ್ಟರು. "ಹೋದ್ವರ್ಷ ನಮ್ಮನೆಗೂ ಎಲ್ಲಾರ ಮನೆಯಿಂದ್ಲೂ ಬಂತು ಕಣೋ. ಇದೇ ಡಬರಿ, ಇದೇ ಬೋಗುಣಿಗಳು. ಸಾವಿನ ಮನೇಲಿ ಒಲೆ ಹಚ್ಚೋ ಹಾಗಿಲ್ವಲ್ಲ. ಅನ್ನ, ಸಪ್ಪೆ ಸಾರು. ಪಾಪ, ಯಾರೂ ತಪ್ಪಿಸ್ಲಿಲ್ಲ. ಎಲ್ಲಾನೂ ತೊಳೆದು ಖಾಲಿ ವಾಪಸು ಕೊಟ್ಟೆ. ಅಂಥಾ ಹೊತ್ನಲ್ಲಿ ಏನೂ ಹಾಕ್ಕೊಡೋ ಹಾಗಿಲ್ಲ."

ನಾನೂ ಲೋಟ ಕೆಳಗಿಟ್ಟೆ.

"ನಮ್ಗೆ ಅಂತ ಇಷ್ಟು ಜನ ಇದಾರೆ ಅಂತ ನಂಗೆ ಆವತ್ತು ಗೊತ್ತಾಯ್ತು. ಅವನಿಗೆ ಗೊತ್ತಾಗ್ಲೇ ಇಲ್ಲ. ಅದೇ ಜನ, ಅದೇ ಪಾತ್ರೆ, ಒಂದು ದಿನ ಮುಂಚೆ ಬಂದಿದ್ರೆ ಅನ್ನಿಸ್ತು. ವರ್ಷವೆಲ್ಲಾ ಅದನ್ನೇ ಯೋಚಿಸ್ದೆ. ಅದಕ್ಕೇ ಈ ಸಲ ಮುಂಚೇನೇ ಹೋಗಿ, ಸಿಹೀನೇ ಮಾಡಿ ಅಂತ ಹೇಳಿಬಂದೆ."

ಅಷ್ಟು ಮನೆಗಳಲ್ಲಿ ಬಾಯಿಬಡುಕನಂತೆ ಮಾತಾಡಿ ಬಂದವನು ಅಲ್ಲಿ ಅತ್ತುಬಿಟ್ಟೆ. ಅದರಲ್ಲಿ ನಾಟಕ ಇರಲಿಲ್ಲ. ಅಪ್ಪನ ತಟ್ಟೆಯ ವಿಷಯ ಹೇಳಿದೆ, ಹೊಸಿಲು ದಾಟಿದ್ದು ಹೇಳಿದೆ, ಈಗಷ್ಟೇ ಮೂಲೆಯಲ್ಲಿ ನಿಂತದ್ದನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಎದೆ ಹಗುರಾಯಿತು. ದೊಡ್ಡಮ್ಮ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು.

"ಹೇಳಿದ್ಯಲ್ಲ, ಒಳ್ಳೇದಾಯ್ತು," ಅಂದರು. "ನಿಮ್ಮಪ್ಪಂಗೂ ನಾನು ಹೇಳ್ತೀನಿ. ಮತ್ತೆ ಹಾಗನ್ಸಿದ್ರೆ ಮತ್ತೆ ಬಂದು ಹೇಳು."

ಎದ್ದು ಬಚ್ಚಲಿಗೆ ಹೋಗಿ ಆ ಹಿತ್ತಾಳೆ ಬಟ್ಟಲು ತೊಳೆದು, ಸೆರಗಿನಲ್ಲಿ ಒರೆಸಿ, ತಂದು ನನ್ನ ಕೈಯಲ್ಲಿಟ್ಟರು.

"ಇದು ನಿಮ್ದೇ ಬಟ್ಲು ದೊಡ್ಡಮ್ಮಾ," ಅಂದೆ.

"ನಂದೇ. ನಾಳೆ ತಂದ್ಕೊಡು," ಅಂದರು. "ಖಾಲಿ ತರ್ಬೇಡ."

ಮಾರನೆಯ ದಿನ ನಮ್ಮ ಹಿತ್ತಲಲ್ಲಿ ಕೀಳಲು ಉಳಿದಿದ್ದು ನುಗ್ಗೆಸೊಪ್ಪು ಮಾತ್ರ. ಬಟ್ಟಲಿಗೆ ಅದನ್ನೇ ಒತ್ತಿ ತುಂಬಿಕೊಂಡು ಹೋದೆ. ದೊಡ್ಡಮ್ಮ ಸೊಪ್ಪು ತೆಗೆದುಕೊಂಡು, ಬಟ್ಟಲು ತೊಳೆದು, ಮತ್ತೆ ನನ್ನ ಕೈಗೇ ಕೊಟ್ಟರು.